ಅಟ್ಟ ಇಳಿದ ದಿನ

ಈಗ ನನ್ನ ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಪ್ರಪಂಚ ಮುಳುಗುತ್ತದೆ. ಬೆಳಿಗ್ಗೆ ಕಾಫಿಗೆ ಮುಂಚೆ ಒಂದು ಸಲ, ಮಧ್ಯಾಹ್ನ ಎರಡು ಸಲ, ಧಾರಾವಾಹಿ ಮುಗಿದ ಮೇಲೆ ಇನ್ನೊಂದು ಸಲ. ಕಳಿಸುವವರೆಲ್ಲ ನನ್ನಂತೆಯೇ ರಿಟೈರಾದ ಟೀಚರುಗಳು, ಮಕ್ಕಳಿಗೆ ಮೂವತ್ತು ವರ್ಷ "ಸುಳ್ಳು ಹೇಳಬಾರದು" ಎಂದು ಕಾಪಿ ಬರೆಸಿದವರು. ನಾನು ಓದಿ, ಅಳಿಸಿ, ಸೊಪ್ಪು ಬಿಡಿಸಲು ಕೂರುತ್ತೇನೆ. ಕೋಪ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಹನ್ನೊಂದು ವರ್ಷದವಳಿದ್ದಾಗ ನಾನೇ ಒಂದು ಸುದ್ದಿ ಹುಟ್ಟಿಸಿದ್ದೆ. ಒಂದೇ ಸಾಲು. ಆ ಸಾಲಿಗೆ ನಮ್ಮ ಮನೆಯ ಒಂದು ವರ್ಷದ ಕೊಬ್ಬರಿ ಅಂಗಳಕ್ಕೆ ಬಿತ್ತು.

ನೊಣವಿನಕೆರೆ ಬಸ್ಸಿನ ದಾರಿಯಲ್ಲಿ ನಮ್ಮ ಹಳ್ಳಿ. ನಮ್ಮ ಮನೆಯಲ್ಲಿ ತಲೆಯೆತ್ತಿದರೆ ಹೆಂಚು ಕಾಣುತ್ತಿರಲಿಲ್ಲ, ಅಟ್ಟ ಕಾಣುತ್ತಿತ್ತು. ಅಡುಗೆಮನೆ, ಬಚ್ಚಲು, ಜಗಲಿ ಬಿಟ್ಟರೆ ಮಿಕ್ಕ ಇಡೀ ಮನೆಯ ಮೇಲೆ ಬಿದಿರು ದಬ್ಬೆ ಹಾಸಿದ ಒಂದೇ ಅಟ್ಟ, ಅದರ ತುಂಬ ಸುಲಿಯದ ತೆಂಗಿನಕಾಯಿ. ನಾವು ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು, ಜಗಳ ಆಡುತ್ತಿದ್ದದ್ದು ಎಲ್ಲ ಆ ರಾಶಿಯ ಕೆಳಗೆ. ಸಂಕ್ರಾಂತಿಯ ಹೊತ್ತಿಗೆ ಏರಿಸಿದ ಕಾಯಿಯನ್ನು ದೀಪಾವಳಿ ಕಳೆಯುವ ತನಕ ಮುಟ್ಟುವ ಹಾಗಿರಲಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು, ಆಮೇಲೆ ಕೊಬ್ಬರಿ. ನಡುವೆ ಅಲುಗಾಡಿಸಿದರೆ ಒಳಗೇ ಬಿರಿಯುತ್ತದೆ, ಉಂಡೆಯಾಗುವುದಿಲ್ಲ ಎಂದು ಊರೆಲ್ಲ ನಂಬಿತ್ತು. ಕಾಯಿ ಆಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವಳು ನಮ್ಮಜ್ಜಿ, ಅಪ್ಪನ ತಾಯಿ. ಏಣಿಯ ಹತ್ತಿರ ನಿಂತು ಒಂದು ಕಾಯಿ ತರಿಸಿ, ಕಿವಿಯ ಪಕ್ಕ ಅಲ್ಲಾಡಿಸಿ, "ನೀರೈತೆ" ಅಂದರೆ ಮುಗಿಯಿತು. ಆ ಒಂದು ವಿಷಯದಲ್ಲಿ ಮಾತ್ರ ಅಪ್ಪ ಅವಳ ಮಾತು ಕೇಳುತ್ತಿದ್ದರು.

ಮಿಕ್ಕ ಎಲ್ಲದಕ್ಕೂ ಅಪ್ಪನ ಬಾಯಲ್ಲಿ ಒಂದೇ ಉತ್ತರ: "ಅಟ್ಟ ಇಳಿದ ಮೇಲೆ ನೋಡಾನ." ರೇಡಿಯೋಗೆ ಶೆಲ್ಲು ಬೇಕು, ಅಟ್ಟ ಇಳಿದ ಮೇಲೆ. ಗೌರಿಗೆ, ಅಂದರೆ ನನಗೆ, ಚಪ್ಪಲಿ ಬೇಕು, ಅಟ್ಟ ಇಳಿದ ಮೇಲೆ. ಅವ್ವ ಹುಳಿಯಾರಿನ ತನ್ನ ತವರಿಗೆ ಹೋಗಿ ಬಂದು ನಾಲ್ಕು ವರ್ಷವಾಗಿತ್ತು. ಪ್ರತಿ ವರ್ಷ ಮೆಲ್ಲಗೆ ಒಂದು ಸಲ ಕೇಳುತ್ತಿದ್ದಳು, ಅದೇ ಉತ್ತರ ಪಡೆದು ಒಳಕ್ಕೆ ಹೋಗುತ್ತಿದ್ದಳು. ಅಟ್ಟ ಇಳಿಯುವ ಹೊತ್ತಿಗೆ ರಾಗಿ ಕೊಯ್ಲು ಬಂದಿರುತ್ತಿತ್ತು. ಆ ವರ್ಷ ಅಜ್ಜಿಯದೂ ಒಂದು ಅರ್ಜಿ ಇತ್ತು. ನಡುಮನೆಯ ಪಕ್ಕದ ಕೋಣೆಯ ತೊಲೆ ಕಿರ್ ಅನ್ನುತ್ತಿದೆ, ಯಾರನ್ನಾದರೂ ಕರೆಸಿ ನೋಡಿಸು ಎಂದು ಯುಗಾದಿಯಿಂದ ಹೇಳುತ್ತಿದ್ದಳು.

"ಇಲಿ ಕಣವ್ವ ಅದು. ನಿನ್ ಕಿವೀಗೆ ಎಲ್ಲಾ ಕೇಳಿಸ್ತದೆ."

"ಇಲಿ ಓಡಾಡ್ತದೆ ಕಣ್ಲಾ, ನರಳಲ್ಲ."

"ಆಯ್ತು ಬುಡು, ಅಟ್ಟ ಇಳಿದ ಮೇಲೆ ನೋಡಾನ."

ಆ ಕೋಣೆಗೇ ಆಷಾಢದಲ್ಲಿ ನಮ್ಮಕ್ಕ ಬಾಣಂತಿಯಾಗಿ ಬಂದಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು, ಇನ್ನೂ ಇಪ್ಪತ್ತು ದಿನ ತುಂಬಿರಲಿಲ್ಲ. ಮನೆಯಲ್ಲಿ ಅದೊಂದೇ ಕೋಣೆ ಬೆಚ್ಚಗಿದ್ದದ್ದು. ಕೂಸಿಗೆ ಸೀರೆಯ ಜೋಲಿ ಕಟ್ಟಿದ್ದರು, ಅದೇ ತೊಲೆಗೆ.

ಇನ್ನು ನನ್ನ ಪೇಪರಿನ ಸಂಗತಿ. ಅಪ್ಪನಿಗೆ ಸಹಿ ಹಾಕಲು, ಕೊಬ್ಬರಿ ಧಾರಣೆ ನೋಡಲು ಬರುತ್ತಿತ್ತು, ಅಷ್ಟೇ. ಅಕ್ಕನನ್ನು ಎರಡನೇ ಕ್ಲಾಸಿಗೇ ಬಿಡಿಸಿದ್ದರು. ನನ್ನನ್ನೂ ಬಿಡಿಸಬೇಕು ಅನ್ನುವ ಹೊತ್ತಿಗೆ, ತಿಪಟೂರಿನ ಮಂಡಿಯವರು ಯಾರೋ ಹೇಳಿದರೆಂದು ಅಪ್ಪ ಪೇಪರು ತರಿಸತೊಡಗಿದ್ದರು. "ಪೇಪರು ಓದಕ್ಕೆ ಮನೇಲಿ ಒಬ್ರು ಬೇಕಲ್ಲ, ಹೋಗ್ಲಿ ಬುಡು" ಎಂದು ನನ್ನನ್ನು ಶಾಲೆಯಲ್ಲಿ ಉಳಿಸಿದ್ದರು. ಹನ್ನೊಂದರ ಬಸ್ಸಿನ ಕಂಡಕ್ಟರು ಪೇಪರನ್ನು ನಮ್ಮ ಜಗಲಿಗೆ ಎಸೆಯುತ್ತಿದ್ದ. ಶಾಲೆ ಬಿಟ್ಟು ಬಂದ ಮೇಲೆ ನಾನು ನಡುಮನೆಯ ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಅಡಿಕೆ ಕತ್ತರಿಸುತ್ತ, ಅಜ್ಜಿ ಕಣ್ಣು ಮುಚ್ಚಿಕೊಂಡು, ಅವ್ವ ಅಡುಗೆಮನೆಯ ಬಾಗಿಲಲ್ಲಿ ಅರ್ಧ ಕಾಣುತ್ತ ಕೇಳುತ್ತಿದ್ದರು. ಆ ಅರ್ಧ ಗಂಟೆ ಮನೆಯಲ್ಲಿ ನಾನೇ ಯಜಮಾನಿ. ಕೂಸು ಬಂದ ಮೇಲೆ ಅದು ಹೋಯಿತು. ನಾನು ಓದುವಾಗ ಅದು ಕುಂಯ್ ಅಂದರೆ ಸಾಕು, ಮೂವರೂ ಎದ್ದು ಕೋಣೆಗೆ. ಕಂಬದ ಹತ್ತಿರ ನಾನು, ಪೇಪರಿನ ಪ್ರಧಾನ ಮಂತ್ರಿಗಳು, ಇಬ್ಬರೇ. ಹೊಟ್ಟೆಕಿಚ್ಚಿನಲ್ಲಿ ಬೆಂದುಹೋಗುತ್ತಿದ್ದೆ, ಮುಚ್ಚಿಡುವುದೇನು.

ಆವತ್ತು ಶಾಲೆಗೆ ರಜ. ಪೇಪರಿನ ಮುಖಪುಟದಲ್ಲಿ ಸ್ಕೈಲ್ಯಾಬ್. ಅಮೆರಿಕದವರು ಆಕಾಶಕ್ಕೆ ಬಿಟ್ಟಿದ್ದ ಮನೆಯಷ್ಟು ದೊಡ್ಡ ಯಂತ್ರ ಕೆಟ್ಟು, ಇವತ್ತೋ ನಾಳೆಯೋ ಭೂಮಿಗೆ ಬೀಳಲಿದೆ, ಎಲ್ಲಿ ಎಂದು ಹೇಳಲಾಗದು, ಬಹುಶಃ ಸಮುದ್ರಕ್ಕೆ ಎಂದು ಬರೆದಿತ್ತು. ಒಂದು ವಾರದಿಂದ ಊರಿನಲ್ಲಿ ಅದೇ ಮಾತು. ನಾನು ತಡವರಿಸುತ್ತ ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೂಸು ಸೀನಿತು. ಸೀನಿತು, ಅಷ್ಟೇ! ಅಪ್ಪ ಅಡಕತ್ತರಿ ಕೆಳಗಿಟ್ಟು ಏಳಲು ಹೊರಟರು. ನನಗೆ ಅದೇನಾಯಿತೋ, ಸಮುದ್ರದ ಸಾಲನ್ನು ನುಂಗಿ, ಗಂಟಲೆತ್ತಿ, ಒಂದೇ ಉಸಿರಿಗೆ ಹೇಳಿದೆ:

"ತುಮಕೂರು ಜಿಲ್ಲೆಯ ತಿಪಟೂರು ತಾಲೂಕಿನಲ್ಲಿ, ವಿಶೇಷವಾಗಿ ತೆಂಗಿನ ತೋಟಗಳಿರುವ ಕಡೆ, ಮನೆಗಳ ಮೇಲೆ ಬೀಳುವ ಸಂಭವವಿದೆ ಎಂದು ತಿಳಿದುಬಂದಿದೆ."

ಅಪ್ಪ ಕೂತರು. ಕೂಸು ಮತ್ತೆ ಸೀನಿದರೂ ಯಾರೂ ಏಳಲಿಲ್ಲ. ಎಂಥ ಸುಖ! ಆ ಸುಖ ಎರಡು ನಿಮಿಷವೂ ಇರಲಿಲ್ಲ.

"ಅಮೆರಿಕದೋರಿಗೆ ತಿಪಟೂರು ಹೆಂಗಮ್ಮ ಗೊತ್ತು?" ಅಪ್ಪ ಕೇಳಿದರು.

ನಾನು ಪೇಪರನ್ನು ಮುಖದ ಮುಂದೆ ಎತ್ತಿಕೊಂಡೆ. ಉತ್ತರ ಕೊಟ್ಟವಳು ಅಜ್ಜಿ.

"ಕೊಬ್ಬರಿ ಎಲ್ಲೆಲ್ಲಿಗೆ ಹೋಗ್ತದೋ ನಿನಗೇನ್ಲಾ ಗೊತ್ತು? ಪೇಪರಿನೋರು ಸುಮ್ನೆ ಬರೀತಾರಾ?" ಅಷ್ಟು ಹೇಳಿ ಕಣ್ಣು ತೆರೆದು ಮೇಲೆ ನೋಡಿದಳು. "ಕಾಯಿಗಾದ್ರೆ ಮೂರು ಕಣ್ಣು ಐತೆ, ನೋಡ್ಕಂಡು ಬೀಳ್ತದೆ. ಇಷ್ಟು ವರ್ಷದಲ್ಲಿ ಯಾರ ತಲೆ ಮೇಲಾದ್ರೂ ಬಿದ್ದೈತಾ? ಆ ಡಬ್ಬಕ್ಕೆ ಕಣ್ಣು ಐತಾ? ಅದು ಹೆಂಚಿನ ಮೇಲೆ ಬಿದ್ರೆ ಅಟ್ಟ ಕುಸೀತದೆ. ಅಟ್ಟದ ಕೆಳಗೆ ಏನೈತೆ ನೋಡು."

ಜೋಲಿ ಇತ್ತು. ಕೋಣೆಯಿಂದ ಅಕ್ಕ ಹೋ ಎಂದು ಅಳತೊಡಗಿದಳು. ತೋಟದ ಪಂಪುಮನೆಗೆ ತಾಯಿ ಮಗುವನ್ನು ಸಾಗಿಸೋಣ ಎಂದರು ಅಪ್ಪ. ಎಂದೂ ಎದುರು ಮಾತಾಡದ ಅವ್ವ ಬಾಗಿಲಿನಿಂದ ಪೂರ್ತಿ ಹೊರಗೆ ಬಂದು, "ಆಷಾಢದ ಗಾಳೀಗೆ ಬಾಣಂತೀನ ಹೊರಗೆ ಹಾಕ್ತೀರಾ? ನಾನು ಬುಡಲ್ಲ ಕಣ್ರೀ" ಎಂದಳು. ಅಡುಗೆಮನೆಯಲ್ಲಿಡೋಣವೇ ಎಂದರೆ ಒಲೆಯ ಹೊಗೆ, ಎಷ್ಟು ದಿನವೆಂದು ಒಲೆ ಹಚ್ಚದೆ ಇರುವುದು? ಕೊನೆಗೆ ಅಜ್ಜಿ ಮಂಡಿಗೆ ಕೈಯೂರಿ ಎದ್ದು ನಿಂತಳು.

"ತಾಯಿ ಮಗೂನ ಇಳಿಸಕ್ಕಾಗಲ್ಲ. ಕಾಯಿ ಇಳ್ಸು."

"ಅವ್ವಾ! ಇನ್ನೂ ನೀರೈತೆ ಅಂತ ಹೋದ ವಾರ ನೀನೇ ಅಂದಿದ್ದೆ. ಈಗ ಇಳಿಸಿದ್ರೆ ವರ್ಷದ ಫಸಲು ಮಣ್ಣಾಗ್ತದೆ."

"ಆಗ್ಲಿ. ಮುಂದಿನ ವರ್ಷ ಮರ ಮತ್ತೆ ಬಿಡ್ತದೆ."

ಅಪ್ಪ ಕೋಣೆಯ ಬಾಗಿಲಿಗೆ ಹೋಗಿ ಕೂಸನ್ನು ನೋಡಿದರು, ಅಟ್ಟವನ್ನು ನೋಡಿದರು, ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಸಿದ್ದಣ್ಣನನ್ನು ಕರೆಯಲು ಹೊರಟರು. ಸಿದ್ದಣ್ಣ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವನು, ಅಟ್ಟ ಏರಿಸುವುದು ಇಳಿಸುವುದು ಅವನ ಪಾಲಿನದು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಿಟ್ಟರೆ ಪೇಪರು ನಿಲ್ಲುತ್ತದೆ, ಪೇಪರು ನಿಂತರೆ ಶಾಲೆ ನಿಲ್ಲುತ್ತದೆ. ಹನ್ನೊಂದು ವರ್ಷದ ತಲೆಗೆ ಅಷ್ಟು ಲೆಕ್ಕ ಚೆನ್ನಾಗಿ ಬರುತ್ತಿತ್ತು.

ಒಂದು ಭಾಗ ಮಾತ್ರ ಇಳಿಸಿದರೆ ಸಾಲದು, ರಾಶಿ ಒಂದೇ. ಒಂದು ಕಡೆ ತೆಗೆದರೆ ಮಿಕ್ಕದ್ದು ಉರುಳಿ ಅಲ್ಲಿಗೇ ಬರುತ್ತದೆ. ಸಿದ್ದಣ್ಣ ಇನ್ನಿಬ್ಬರನ್ನು ಕರೆತಂದ. ಅಡುಗೆಮನೆಯ ಒಲೆ ಆರಿಸಿ, ಅಕ್ಕನನ್ನೂ ಕೂಸನ್ನೂ ಅಲ್ಲಿ ಕೂರಿಸಿದರು. ಮಂಕರಿ ತುಂಬ ಕಾಯಿ ಏಣಿಯಲ್ಲಿ ಇಳಿದು ಅಂಗಳದಲ್ಲಿ ಗುಡ್ಡೆಯಾಗತೊಡಗಿತು. ಆರು ತಿಂಗಳ ಧೂಳು ಮನೆ ತುಂಬಿತು. ಅಪ್ಪ ಪ್ರತಿ ಮಂಕರಿಗೂ "ಮೆಲ್ಲಗೆ ಕಣ್ಲಾ, ಮೆಲ್ಲಗೆ" ಅನ್ನುತ್ತಿದ್ದರು. ಬೆಳಗಿನ ತಣ್ಣನೆಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಎಲ್ಲರೂ ನಿಂತೇ ಉಂಡೆವು.

ಮೂರು ಗಂಟೆಯ ಹೊತ್ತಿಗೆ ನಮ್ಮ ಶಾಲೆಯ ಮೇಷ್ಟ್ರು ದಾರಿಯಲ್ಲಿ ಹೋಗುತ್ತಿದ್ದವರು ಅಂಗಳದ ಗುಡ್ಡೆ ನೋಡಿ ಸೈಕಲ್ ನಿಲ್ಲಿಸಿದರು. ಊರಿನಲ್ಲಿ ಪೇಪರು ತರಿಸುತ್ತಿದ್ದ ಇನ್ನೊಂದು ಮನೆ ಅವರದು.

"ಇದೇನು ಯಜಮಾನ್ರೇ, ಆಷಾಢದಲ್ಲಿ ಅಟ್ಟ ಇಳಿಸ್ತಿದೀರಿ?"

"ನಮ್ಮ ತಾಲೂಕಿಗೇ ಬೀಳ್ತದಂತಲ್ಲ ಮೇಷ್ಟ್ರೇ. ಪೇಪರಲ್ಲಿ ಬಂದೈತಲ್ಲ."

"ನಮ್ಮ ತಾಲೂಕಿಗಾ? ಯಾವ ಪೇಪರಲ್ಲಿ? ನಾನು ನೋಡ್ಲಿಲ್ವಲ್ಲ."

"ಗೌರಿ, ಹೋಗಿ ಪೇಪರು ತಗಂಬಾ," ಅಂದರು ಅಪ್ಪ.

ಪೇಪರನ್ನು ನಡುಮನೆಯ ಗೋಡೆಯ ಗೂಡಿನಲ್ಲಿಟ್ಟಿದ್ದೆ. ಅದನ್ನು ಹರಿಯಲೇ, ಕಚ್ಚೆಯ ಹಾಗೆ ಸುತ್ತಿ ಲಂಗದೊಳಗೆ ಬಚ್ಚಿಡಲೇ, ಬಾವಿಗೆ ಹಾಕಲೇ? ಗೂಡಿಗೆ ಕೈ ಹಾಕಿದೆ. ಪೇಪರು ಇರಲಿಲ್ಲ. ಗೂಡು ಖಾಲಿ. ದೇವರೇ ಬಂದು ಎತ್ತಿಕೊಂಡು ಹೋದನೆಂದು ಆ ಗಳಿಗೆಯಲ್ಲಿ ನಿಜಕ್ಕೂ ನಂಬಿದೆ. ಹೊರಗೆ ಬಂದು "ಸಿಕ್ತಿಲ್ಲ ಅಪ್ಪ" ಅಂದೆ. ಅಪ್ಪನ ಹುಬ್ಬು ಗಂಟಾಯಿತು. ಅಷ್ಟರಲ್ಲಿ ಅಜ್ಜಿ ಮಜ್ಜಿಗೆಯ ಲೋಟ ಹಿಡಿದು ಜಗಲಿಗೆ ಬಂದಳು.

"ಮೇಷ್ಟ್ರೇ, ನಿಮ್ಮ ಮನೇಲಿ ಅಟ್ಟ ಐತಾ?"

"ಇಲ್ಲಮ್ಮ, ಬಾಡಿಗೆ ಮನೆ."

"ಬಾಣಂತಿ ಅವ್ಳಾ?"

"ಅಯ್ಯೋ, ಇಲ್ಲಮ್ಮ."

"ಹಂಗಾರೆ ನಿಮಗೆ ಗೊತ್ತಾಗಲ್ಲ ಬುಡಿ. ಮಜ್ಜಿಗೆ ಕುಡೀರಿ."

ಮೇಷ್ಟ್ರು ಮಜ್ಜಿಗೆ ಕುಡಿದು, ನನ್ನ ಕಡೆ ಒಂದು ನೋಟ ಬಿಟ್ಟು, ಸೈಕಲ್ ಏರಿದರು. ನಾನು ಅವರ ಕಣ್ಣು ತಪ್ಪಿಸಿ ಕಾಯಿ ಎಣಿಸುವವಳಂತೆ ಬಗ್ಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಹೇಗಿರುತ್ತದೆ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಹೊತ್ತು ಇಳಿಯುವ ಮುಂಚೆ ತುಂತುರು ಶುರುವಾಯಿತು. ತೋಟದಿಂದ ಸೋಗೆ ತಂದು ಗುಡ್ಡೆಗೆ ಹೊದಿಸಿದರೂ ಅರ್ಧ ಕಾಯಿ ನೆನೆಯಿತು. ಅಪ್ಪ ಮಳೆಯಲ್ಲೇ ನಿಂತಿದ್ದರು. ಅಂಥ ಮುಖವನ್ನು ಅವರಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಹೇಳಿಬಿಡುತ್ತೇನೆ, ಏನಾದರೂ ಆಗಲಿ, ಎಂದು ಅವರ ಹತ್ತಿರ ಹೋದೆ. "ಅಪ್ಪಾ" ಅಂದೆ. ಅದೇ ಹೊತ್ತಿಗೆ ಒಳಗಿನಿಂದ ಸಿದ್ದಣ್ಣ ಕೂಗಿದ.

"ಯಜಮಾನ್ರೇ! ಇಲ್ ಬನ್ನಿ ಬಿರ್‍ರನೆ!"

ಕೋಣೆಯ ಮೇಲೆ ಕೊನೆಯ ಮಂಕರಿ ತುಂಬಿ ಮುಗಿದಿತ್ತು. ಸಿದ್ದಣ್ಣ ಏಣಿಯ ಮೇಲೆ ನಿಂತು ಕಾಯಿ ಸುಲಿಯುವ ಕಬ್ಬಿಣದ ತುದಿಯನ್ನು ತೊಲೆಗೆ ಒತ್ತಿದ. ಮುದ್ದೆಗೆ ಬೆರಳು ಇಳಿದ ಹಾಗೆ ಇಳಿಯಿತು. ಇನ್ನೊಂದು ಕಡೆ ಒತ್ತಿದ, ಅಲ್ಲೂ ಇಳಿಯಿತು. ಗೆದ್ದಲು ಒಳಗನ್ನೆಲ್ಲ ತಿಂದು ಮೇಲಿನ ಸಿಪ್ಪೆಯಷ್ಟನ್ನೇ ಬಿಟ್ಟಿತ್ತು. ಕಂದು ಪುಡಿ ಕೆಳಗೆ ಉದುರಿ, ಖಾಲಿ ಜೋಲಿಯೊಳಕ್ಕೆ ಬಿತ್ತು.

ಅಪ್ಪ ಜೋಲಿಯ ಗಂಟನ್ನು ಬಿಚ್ಚಲು ಹೋದರು, ಎಳೆದಷ್ಟೂ ಅದು ಬಿಗಿಯಾಯಿತು. ಅಜ್ಜಿಯೇ ಬಿಚ್ಚಿದಳು. ನಾನು ಹೇಳಬೇಕೆಂದಿದ್ದದ್ದನ್ನು ಬಿಟ್ಟು, ಪೊರಕೆ ತಂದು ಪುಡಿ ಗುಡಿಸಿದೆ.

ಮಾರನೆಯ ದಿನ ಆಕಾಶ ತೆಪ್ಪಗಿತ್ತು. ಅದರ ಮಾರನೆಯ ದಿನ ಬಂದ ಪೇಪರು ಆ ಡಬ್ಬ ಸಮುದ್ರಕ್ಕೂ ಆಸ್ಟ್ರೇಲಿಯಾದ ಕಾಡಿಗೂ ಬಿದ್ದಿತೆಂದು ಹೇಳಿತು. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಓದಿದೆ. ಅಪ್ಪ "ಹೂಂ" ಅಂದರು, ಅಷ್ಟೇ. ನೆನೆದ ಕಾಯಿಯಲ್ಲಿ ಬಹುಪಾಲು ಕೊಳೆತು ಎಣ್ಣೆಗೆ ಹೋಯಿತು. ಆದರೆ ಆ ವರ್ಷದ ಕೊಬ್ಬರಿಯ ಮಾತು ಬಂದಾಗಲೆಲ್ಲ ಅಪ್ಪ ಕೋಣೆಗೆ ಹಾಕಿಸಿದ ಹೊಸ ತೊಲೆಯ ಕಡೆ ನೋಡಿ ಮಾತು ತಿರುಗಿಸುತ್ತಿದ್ದರು.

ವಾರ ಕಳೆದ ಮೇಲೆ ಅಜ್ಜಿ ಅಂಗಳದಲ್ಲಿ ಕೂತು ಉಳಿಯುವ ಕಾಯಿಯನ್ನು ಬೇರೆ ಮಾಡುತ್ತಿದ್ದಳು. ನನ್ನನ್ನು ಕರೆದು ಒಂದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಏನು ಕೇಳಿಸ್ತದೆ?"

"ನೀರು."

"ಆವತ್ತು ನೀನು ಓದಿದ್ಯಲ್ಲ, ಅದರಲ್ಲೂ ಹಿಂಗೇ ಕೇಳಿಸ್ತು ಕಣೇ. ಮಿಕ್ಕಿದ್ದೆಲ್ಲ ಎಡವಿ ಎಡವಿ ಓದ್ದೆ, ಅದೊಂದು ಮಾತ್ರ ನೀರು ಕುಡಿದಂಗೆ ಬಂತು."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ತೊಲೆ ನರಳ್ತದೆ ಅಂತ ಯುಗಾದಿಯಿಂದ ಬಡ್ಕಂಡೆ. ಯಾರು ಕೇಳಿದ್ರು? ಪೇಪರು ಹೇಳ್ತು, ಸಾಯಂಕಾಲಕ್ಕೆ ಅಟ್ಟ ಖಾಲಿ." ಕಾಯಿಯನ್ನು ಪಕ್ಕಕ್ಕಿಟ್ಟಳು. "ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನಾಲಿಗೇಗೆ ಬರೆ ಎಳೀತೀನಿ."

"ಪೇಪರು ಬಚ್ಚಿಟ್ಟಿದ್ದೂ ನೀನೇನಾ ಅಜ್ಜಿ?"

"ನನಗ್ಯಾಕೆ ಪೇಪರು? ನನಗೇನು ಓದಕ್ಕೆ ಬರ್ತದಾ?"

ಅಜ್ಜಿ ಸುಳ್ಳು ಹೇಳುವವಳಲ್ಲ. ಹಾಗಾದರೆ ಪೇಪರು ಎಲ್ಲಿ ಹೋಯಿತು? ತಲೆ ಕೆಡಿಸಿಕೊಂಡು ಕೊನೆಗೆ ದೇವರಿಗೇ ಬಿಟ್ಟೆ.

ಕೂಸಿಗೆ ಐದು ತಿಂಗಳು ತುಂಬಿ ಅಕ್ಕ ಗಂಡನ ಮನೆಗೆ ಹೋದ ಮಾರನೆಯ ದಿನ, ಅವ್ವ ಒಂದು ಕೈಚೀಲ ತುಂಬಿ ಅಪ್ಪನ ಮುಂದೆ ನಿಂತಳು.

"ಅಟ್ಟ ಇಳಿದು ಎಷ್ಟೋ ದಿನ ಆಯ್ತಲ್ಲ ಕಣ್ರೀ. ಹುಳಿಯಾರಿಗೆ ಹೋಗ್ಬತ್ತೀನಿ."

ಅಪ್ಪ ಬಾಯಿ ತೆರೆದರು. ರಾಗಿ ಕೊಯ್ಲು ಅನ್ನಲು ಹೊರಟಿದ್ದರೆಂದು ಕಾಣುತ್ತದೆ. ಅಜ್ಜಿ ಮೂಲೆಯಿಂದ ಕೆಮ್ಮಿದಳು. "ಗೌರೀನೂ ಕರ್ಕಂಡು ಹೋಗು, ಬಸ್ಸಿನ ಬೋರ್ಡು ಓದ್ತಾಳೆ" ಅಂದರು ಅಪ್ಪ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತೆವು. ನಾಲ್ಕು ಕಡೆಗೆ ಹೋಗುವ ಬಸ್ಸುಗಳು. ಕೆಸರು ಸಿಡಿದ ಬೋರ್ಡಿನ ಒಂದು ಬಸ್ಸು ಬಂದು ನಿಂತಿತು. ನಾನು ಕಣ್ಣು ಕಿರಿದು ಮಾಡಿ ಅಕ್ಷರ ಕೂಡಿಸುತ್ತಿದ್ದೆ.

"ಇದು ಬ್ಯಾಡ ಬುಡು," ಅಂದಳು ಅವ್ವ. "ಚಿಕ್ಕನಾಯಕನಹಳ್ಳಿಗೇ ನಿಲ್ಲಿಸ್ತಾನೆ. ಮುಂದಿಂದು ಬರ್ಲಿ."

ಬೋರ್ಡಿನಲ್ಲಿ ಅದೇ ಇತ್ತು. ನಾನು ಅವ್ವನ ಮುಖ ನೋಡಿದೆ.

"ಅವ್ವಾ, ನಿನಗೆ ಓದಕ್ಕೆ ಬರ್ತದಾ?"

"ಹುಳಿಯಾರಲ್ಲಿ ನಾಲ್ಕನೇ ಕ್ಲಾಸು ಮುಗ್ಸಿದೀನಿ."

ಹಂಡೆ ಒಲೆ ನೆನಪಾಯಿತು. ಅಡುಗೆಮನೆಯ ಒಲೆ ಆರಿದ್ದರೂ ಆವತ್ತು ಬಾಣಂತಿಯ ನೀರಿಗೆಂದು ಬಚ್ಚಲಿನ ಹಂಡೆ ಒಲೆ ಉರಿಯುತ್ತಿತ್ತು. ಅದರ ಮುಂದೆ ಇದ್ದವಳು ಅವ್ವ ಒಬ್ಬಳೇ.

"ಆವತ್ತಿನ ಪೇಪರು..."

"ಓದ್ದೆ. ನೀನು ಬಿಟ್ಟ ಸಾಲು ಇತ್ತು, ಸೇರಿಸಿದ ಸಾಲು ಇರ್ಲಿಲ್ಲ. ಒಲೆಗೆ ಹಾಕ್ದೆ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬಾಗಿಲಲ್ಲಿ ಅರ್ಧ ಕಾಣುತ್ತ ನಿಂತು, ತನಗೆ ತಾನೇ ಓದಿಕೊಳ್ಳಬಹುದಾದ ಪೇಪರನ್ನು ನನ್ನ ತೊದಲು ಬಾಯಿಂದ ಎರಡು ವರ್ಷ ಕೇಳಿದವಳು ಇವಳು. ನನಗೆ ಅಳು ಬಂತು.

"ಓದಕ್ಕೆ ಬರ್ತದೆ ಅಂತ ಯಾರಿಗೂ ಯಾಕವ್ವ ಹೇಳ್ಲಿಲ್ಲ?"

ಅವ್ವ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದಳು.

"ಹೇಳಿದ್ರೆ ಪೇಪರು ನನ್ ಕೈಗೆ ಬರ್ತಿತ್ತು. ಆಮೇಲೆ ನಿನ್ನ ಯಾರೇ ಸ್ಕೂಲಿಗೆ ಕಳಿಸ್ತಿದ್ರು?"

ಇನ್ನೊಂದು ಬಸ್ಸು ತಿರುವಿನಲ್ಲಿ ಕಾಣಿಸಿತು. ಅವ್ವ ಚೀಲ ಎತ್ತಿಕೊಂಡಳು. ಬೋರ್ಡು ಅವಳಿಗೆ ದೂರದಿಂದಲೇ ಕಂಡಿರಬೇಕು, ಆದರೂ ನನ್ನ ಭುಜ ತಟ್ಟಿದಳು.

"ಓದು ನೋಡಾನ."

ನಾನು ಗಟ್ಟಿಯಾಗಿ ಓದಿದೆ, ಬೋರ್ಡಿನಲ್ಲಿ ಇದ್ದಷ್ಟನ್ನೇ.